ನೆಟ್ಟಗ ಹಿಡೀರಿ

ತಪಕೀರ ಗಲ್ಲಿಯೊಳಗ ನನ್ನ ಅಂಗಡಿ ಅಂದ್ರ
ಎರಡು ಮೆಟ್ಟಲ, ಒಂದು ಶಟರಿನ ಅರ್ಧ.
ಗ್ವಾಡಿ ತುಂಬ ರಿಮೋಟು, ಪ್ಲಾಸ್ಟಿಕ್ ಚೀಲದಾಗ,
ಬಳ್ಳಿಗೆ ಹೀರೀಕಾಯಿ ಜೋತಂಗ.

ಮೊನ್ನೆ ಕಂಪನಿ ಹುಡುಗ ಬಂದಿದ್ದ, ಕೊರಳಾಗ ಪಟ್ಟಿ.
"ಇನ್ನೊಂದು ಐದು ವರ್ಷ, ಕಾಕಾ. ಆಮ್ಯಾಲ
ಬಟನ್ ಅನ್ನೂದ ಇರಂಗಿಲ್ಲ.
ಟಿವಿಗೆ ಹೇಳಿದ್ರ ಸಾಕು, ಕೇಳತದ.
ಹೇಳದಿದ್ರೂ ನಡೀತದ, ಮಾರಿ ನೋಡಿ ತಿಳಕೋತದ."
ಅಂವ ಮರಾಠಿಯೊಳಗ ಹೇಳಿದ,
ನಾ ಕನ್ನಡದಾಗ ಹೆದರಿದೆ.

ಮಧ್ಯಾಹ್ನ ಒಂದರಿಂದ ನಾಕರ ತನಕ ಮಲಗೋ ಊರಿದು.
ಆ ಹೊತ್ತಿನ್ಯಾಗೂ ಕಿವಿ ತಕ್ಕೊಂಡು ಕೂಡೋ ಟಿವಿನ್ನ
ಪೇಠದ ಮಂದಿ ಮನಿಯೊಳಗ ಬಿಟ್ಟುಕೋತಾರೇನು?
ಪರಚುರೆ ಕಾಕೂನ್ನ ಕೇಳಿದೆ. ಆಕಿ ಅಂದ್ಲು:
"ಬಿಟ್ಟುಕೊಂಡೇನಿ. ನಲವತ್ತು ವರ್ಷದಾಗ
ಈ ಮನಿಯೊಳಗ ನಾ ಹೇಳಿದ್ದು ಕೇಳಿದ್ದು ಅದೊಂದ."

ರಿಮೋಟ್ ಬಿಚ್ಚಿದ್ರ ಮನಿ ಬಿಚ್ಚಿದಂಗ.
ರಬ್ಬರಿನ ಅಡಿಗೆ ಅರಿಷಿಣ, ಶೇಂಗಾದ ಸಿಪ್ಪಿ.
ಆವಾಜು ಏರಿಸೋ ಗುಂಡಿ ಸವದಿದ್ರ
ಮ್ಯಾಲ ಫ್ಯಾನು ಕಿರಗುಡತದ, ಇಲ್ಲಾ
ಜಗಳ ನೆರಮನಿಗೆ ಕೇಳಬಾರದು.
ಒಂದು ಸಲ ಸೆಲ್ಲಿನ ಖಾನ್ಯಾಗ
ಹತ್ತಿಯೊಳಗ ಸುತ್ತಿದ ಹಾಲಹಲ್ಲು, ಅಕ್ಕಿಕಾಳಿನಷ್ಟು.
ರಿಪೇರಿ ಇಷ್ಟ: ಹಲ್ಲು ತಗದೆ, ಸೆಲ್ ಹಾಕಿದೆ,
ಹಲ್ಲು ಪುಡಿಕಿ ಕಟ್ಟಿ ಕೈಯಾಗ ಕೊಟ್ಟೆ.
ಅದಕ್ಕ ರೊಕ್ಕ ತಗೊಳ್ಳಲಿಲ್ಲ.

ಸೋಲಾಪುರದ ಕನ್ನಡ ಸಾಲ್ಯಾಗ ಅವಕೆಂಪು ಅಂತ ಓದಿದ್ದೆ,
ಕೆಂಪಿಗಿಂತ ಒಂದು ಮೆಟ್ಟಲ ಕೆಳಗ ಕೂತ ಕೆಂಪು.
ಕಣ್ಣಿಗೆ ಕಾಣಂಗಿಲ್ಲ.
ನನ್ನ ಹಳೇ ಫೋನಿನ ಕ್ಯಾಮೆರಾಕ್ಕ ಕಾಣತದ:
ಬಟನ್ ಒತ್ತಿದ್ರ ರಿಮೋಟಿನ ತುದೀಗೆ
ನೇರಳೆ ಮೂಗಬಟ್ಟು ಮಿಣಕ್ ಅಂತದ.
ಮಗಳ ಹೊಸ ಫೋನು ಆ ಬೆಳಕನ್ನ ಸೋಸಿ ಒಗೀತದ,
ಬ್ಯಾಡಾದ ಬೆಳಕಂತ ಅದು.
ಅದಕ್ಕ ಈ ಒಡಕ ಫೋನು ಬಿಟ್ಟಿಲ್ಲ.
ಮಗಳು ನಗತಾಳ.

ಇವತ್ತ ಒಬ್ರು ಬಂದ್ರು. ಕೊರಳಿಗೆ ಬಿಳೇ ಅರಿವಿ,
ಅದರ ಹಿಂದ ಉಸಿರಾಡೋ ತೂತು.
ತಂಬಾಕು ಅವರ ದನಿ ತಿಂದು ಕೈ ತೊಳಕೊಂಡದ.
ಚೀಟಿಯೊಳಗ ಬರದು ತೋರಿಸಿದ್ರು:
"ಅಳಿಯ ಹೊಸ ಟಿವಿ ತಂದಾನ.
ಕರದ್ರಷ್ಟ ಓ ಅಂತದ. ನಾ ಹ್ಯಾಂಗ ಕರೀಲಿ?"
ಜೋಡಿಗೆ ಹಳೇ ಟಿವಿದು ರಿಮೋಟೂ ತಂದಿದ್ರು.
ಅಂಕಿ ಎಲ್ಲಾ ಅಳಸಿ ಹೋಗಿದ್ದವು.
ಆವಾಜು ಬಂದ್ ಮಾಡೋ ಗುಂಡಿ ಅಷ್ಟ
ತಂದ ದಿನದ್ದಂಗ ಇತ್ತು.

ಟಿವಿ ಫೋಟೋ ದೊಡ್ಡದು ಮಾಡಿ ಹುಡುಕಿದೆ.
ಕೆಳಗ, ಕಂಪನಿ ಹೆಸರಿನ ಎಡಕ್ಕ,
ಸಾಬುದಾನಿ ಕಾಳಷ್ಟು ಕರೀ ಗಾಜು.
ಬಿಟ್ಟಾರ! ಮರತೋ, ಮರ್ಯಾದಿಗೋ,
ಹಳೇ ಬೆಳಕು ಬರಲಿ ಅಂತ ಒಂದು ಗವಾಕ್ಷಿ ಬಿಟ್ಟಾರ.
ಮುಂದಿನ ವರ್ಷದ್ದಕ್ಕ ಇರತದೋ ಇಲ್ಲೋ.
ಒಂದು ಇಳಿಸಿ ಕೊಟ್ಟೆ. ನೂರಾ ಇಪ್ಪತ್ತು, ಸೆಲ್ ಸಹಿತ.

"ನೆಟ್ಟಗ ಹಿಡೀಬೇಕ್ರಿ. ನಡುವ ಯಾರೂ ನಿಂದ್ರಬಾರದು.
ನಿಂತ್ರ ಗ್ವಾಡಿಗೆ ಹೊಡೀರಿ,
ಸುಣ್ಣದ ಗ್ವಾಡಿ ಆದ್ರ ತಿರಗಿಸಿ ಕೊಡತದ."

ನನ್ನ ಒಡಕ ಫೋನಿನ ಮುಂದ ಹಿಡದು ಒತ್ತಿದ್ರು.
ಮಿಣಕ್.
ಹೊರಗ ಕೈಗಾಡಿ, ಹಾರ್ನು, ವೈರಿನ ಸುರಳಿ ಹೊತ್ತವರ ಬೈಗಳ.
ಮತ್ತ ಒತ್ತಿದ್ರು. ಮಿಣಕ್.
ಹುಬ್ಬು ಏರಿಸಿ ನನ್ನ ನೋಡಿದ್ರು,
ಏನೋ ಹೇಳಿ ಮುಗಿಸಿದವರಂಗ.

ನಾನೂ ಗ್ವಾಡಿಂದ ಒಂದು ತಗದೆ,
ಅವರ ಕಡೆ ನೆಟ್ಟಗ ಹಿಡದು
ಒತ್ತಿದೆ.